ಚಲಿಸುವ ಮನೆಗೊಂದು ಅಡುಗೆಮನೆ

ಅಡುಗೆಮನೆ ಎಂದೊಡನೆ ನಮ್ಮ ಕಾಸರಗೋಡು ಸೀಮೆಯವರ ಕಣ್ಣ ಮುಂದೆ ನಿಲ್ಲುವುದು ಒಲೆ, ಅರೆಯುವ ಕಲ್ಲು, ಅಟ್ಟ, ಬಾವಿಕಟ್ಟೆಯ ಕಡೆಗೆ ತೆರೆಯುವ ಬಾಗಿಲು ಇವುಗಳಿಂದ ಕೂಡಿದ ವಿಶಾಲವಾದ ಕೋಣೆ. ಆ ಕೋಣೆಯ ಸಮಸ್ತ ವ್ಯವಹಾರವನ್ನು ವ್ಯಾನೊಂದರೊಳಗೆ ನಾಲ್ಕಡಿ ಉದ್ದ, ಎರಡಡಿ ಅಗಲದ ಕಟ್ಟೆಯಲ್ಲಿ ಅಡಕಗೊಳಿಸುವುದು ಸಾಧ್ಯವೆ? ಕೇರಳ ಸರಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸದ ನೀತಿಯನ್ನು ಪ್ರಕಟಿಸಿದ ಮೇಲೆ ಇದು ನಮಗೂ ದೂರದ ಪ್ರಶ್ನೆಯಾಗಿ ಉಳಿದಿಲ್ಲ. ಪಾತ್ರೆಪಗಡಿ ಹೇರಿಕೊಂಡು ವಾಹನದಲ್ಲಿ ತೀರ್ಥಯಾತ್ರೆ ಹೊರಡುವ ಪದ್ಧತಿಯಂತೂ ನಮ್ಮಲ್ಲಿ ಹಳೆಯದೇ.

ರೈಲುಗಳ ಊಟದ ಬೋಗಿಗಳು ಈ ಸಮಸ್ಯೆಯನ್ನು ಬಹಳ ಹಿಂದೆಯೇ ಎದುರಿಸಿದ್ದವು. ಓಣಿಯಂತಹ ಕಿರಿದಾದ ಅಡುಗೆಕೋಣೆಯಲ್ಲಿ ಹತ್ತಾರು ಪ್ರಯಾಣಿಕರ ಊಟ ಸಿದ್ಧವಾಗುತ್ತಿತ್ತು. ಆಸ್ಟ್ರಿಯದ ವಾಸ್ತುಶಿಲ್ಪಿ ಮಾರ್ಗರೇಟೆ ಶ್ಯೂಟೆ-ಲಿಹೋಟ್ಸ್ಕಿ (1897–2000) ಅವರು 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗೆ ಅಡುಗೆಮನೆಯನ್ನು ರೂಪಿಸುವಾಗ ಇದನ್ನೇ ಮಾದರಿಯಾಗಿ ಇಟ್ಟುಕೊಂಡರು. ಅದರ ಅಗಲ ಸುಮಾರು 1.9 ಮೀಟರ್, ಉದ್ದ 3.4 ಮೀಟರ್. ಧಾನ್ಯ ಸುರಿಯಲು ಮೂತಿಯುಳ್ಳ ಅಲ್ಯೂಮಿನಿಯಂ ಸೆಳೆಖಾನೆಗಳು, ಗೋಡೆಗೆ ಮಡಚಿಡುವ ಇಸ್ತ್ರಿಯ ಹಲಗೆ, ಕುಳಿತು ತರಕಾರಿ ಹೆಚ್ಚಲು ತಿರುಗುವ ಪೀಠ, ಎಲ್ಲವೂ ಕೈಗೆಟುಕುವಂತೆ. ಸುಮಾರು ಹತ್ತು ಸಾವಿರ ಮನೆಗಳಿಗೆ ಈ ಅಡುಗೆಮನೆ ಬಂದಿತು. ಆದರೆ ಅದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಎಡೆಯಿರಲಿಲ್ಲ. ಗೃಹಿಣಿ ಒಂಟಿಯಾದಳೆಂದು ಮುಂದೆ ಟೀಕೆಯೂ ಬಂದಿತು. ವಾಹನದ ಅಡುಗೆಮನೆಯನ್ನು ರೂಪಿಸುವವರಿಗೆ ಈ ಗುಣ, ಈ ದೋಷ ಎರಡೂ ಪಾಠಗಳೇ.

ಕೆಲಸದ ಕ್ರಮವೇ ವಸ್ತುಗಳ ಕ್ರಮವಾಗಬೇಕು. ತೆಗೆಯುವುದು, ತೊಳೆಯುವುದು, ಹೆಚ್ಚುವುದು, ಬೇಯಿಸುವುದು ಒಂದರ ಪಕ್ಕದಲ್ಲೊಂದಿದ್ದರೆ ಅಡುಗೆ ಮಾಡುವವರು ನಿಂತಲ್ಲಿಂದ ಹೆಜ್ಜೆ ಕದಲಿಸಬೇಕಾಗಿಲ್ಲ. ತೊಟ್ಟಿಯ ಮೇಲೆ ಹಲಗೆ ಮುಚ್ಚಿದರೆ ಅದೇ ಹೆಚ್ಚುವ ಮಣೆ. ಪ್ರತಿಯೊಂದು ವಸ್ತುವೂ ಎರಡು ಕೆಲಸಕ್ಕೆ ಒದಗಬೇಕೆಂಬ ಈ ತತ್ತ್ವವನ್ನು ನಮ್ಮ ಹಿರಿಯರು ಅರಿಯದವರೇನಲ್ಲ. ಏಳು ಬಟ್ಟಲುಗಳ ಒಗ್ಗರಣೆ ಡಬ್ಬಿ, ಒಂದರೊಳಗೊಂದು ಸೇರುವ ಪಾತ್ರೆಗಳು, ಒಂದೇ ಉರಿಯಲ್ಲಿ ಅನ್ನ, ಬೇಳೆ, ಪಲ್ಯ ಮೂರನ್ನೂ ಬೇಯಿಸುವ ಕುಕ್ಕರು ವ್ಯಾನಿಗೆಂದೇ ಮಾಡಿದಂತಿವೆ.

ಆದರೆ ಮನೆ ನಿಂತಿರುತ್ತದೆ, ವಾಹನ ಓಡುತ್ತದೆ. ಕಪಾಟಿನ ಹಲಗೆಗಳಿಗೆ ಅಂಚುಪಟ್ಟಿ, ಬಾಗಿಲುಗಳಿಗೆ ಅಗುಳಿ ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ಎಲ್ಲವೂ ನೆಲದ ಪಾಲು. ಒಂದು ಲೀಟರು ನೀರಿನ ತೂಕ ಒಂದು ಕಿಲೋ. ನಲ್ವತ್ತು ಲೀಟರಿನ ಡಬ್ಬಿಯನ್ನು ಎತ್ತರದಲ್ಲಿಟ್ಟರೆ ಘಾಟಿಯ ತಿರುವುಗಳಲ್ಲಿ ವಾಹನದ ಸಮತೋಲನಕ್ಕೇ ಬಾಧಕ. ಭಾರವಾದುದೆಲ್ಲ ಕೆಳಗೆ, ಹಗುರವಾದುದು ಮೇಲೆ. ವಾಹನ ಚಲಿಸುವಾಗ ಒಲೆ ಹೊತ್ತಿಸಲೇಬಾರದು.

ಎಲ್ಲಕ್ಕಿಂತ ಮಿಗಿಲಾದುದು ಬೆಂಕಿಯ ವಿಚಾರ. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೆಯಲ್ಲಿ ನಿಲ್ಲಿಸಿದ್ದ ಯಾತ್ರಿಕರ ರೈಲುಬೋಗಿಯೊಂದಕ್ಕೆ ಬೆಂಕಿ ಹತ್ತಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ನಿಯಮ ಮೀರಿ ಒಳತಂದಿದ್ದ ಅನಿಲದ ಸಿಲಿಂಡರೇ ಕಾರಣವೆಂದು ರೈಲ್ವೆ ತಿಳಿಸಿತು. ಅಡುಗೆ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ಮೇಲೇರಿ ಕಿಟಕಿಯಿಂದ ಹೊರಹೋಗದೆ ನೆಲದ ಮೇಲೆ ನೀರಿನಂತೆ ನಿಲ್ಲುತ್ತದೆ, ಒಂದು ಕಿಡಿಗಾಗಿ ಕಾಯುತ್ತದೆ. ಆದುದರಿಂದಲೇ ಚೆನ್ನಾಗಿ ನಿರ್ಮಿಸಿದ ಕ್ಯಾರವಾನುಗಳಲ್ಲಿ ಸಿಲಿಂಡರಿನ ಗೂಡು ಒಳಭಾಗಕ್ಕೆ ಸಂಪೂರ್ಣ ಮುಚ್ಚಿದ್ದು, ತಳದಲ್ಲಿ ಮಾತ್ರ ಹೊರಗೆ ತೆರೆದಿರುತ್ತದೆ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬಿಗಿಯಬೇಕು. ಮುಚ್ಚಿದ ವಾಹನದೊಳಗೆ ಇದ್ದಿಲಿನ ಶೆಗಡಿಯಂತೂ ಸರ್ವಥಾ ಕೂಡದು. ಅದರಿಂದ ಹೊಮ್ಮುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ರೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಉರಿಯುವ ಎಣ್ಣೆಗೆ ನೀರೆರಚದೆ ಮುಚ್ಚಳ ಮುಚ್ಚಬೇಕು. ಒಲೆಗೆ ಬೆಂಕಿ ಹತ್ತಿದರೂ ಹೊರಬರುವ ದಾರಿ ತೆರೆದೇ ಇರುವಂತೆ ಅದರ ಸ್ಥಾನವನ್ನು ಗೊತ್ತುಮಾಡಬೇಕು.

ಇಂತಹ ಏರ್ಪಾಡಿಲ್ಲದ ಬಸ್ಸು, ಜೀಪುಗಳಲ್ಲಿ ಯಾತ್ರೆ ಹೊರಡುವವರಿಗೆ ನಾವು ಹೇಳಬಹುದಾದ ಮಾತು ಒಂದೇ: ಒಲೆಯನ್ನು ಹೊರಗಿಳಿಸಿ, ಮರದ ನೆರಳಿನಲ್ಲಿ ಅಡುಗೆ ಮಾಡಿರಿ. ಇದರಿಂದ ಇನ್ನೊಂದು ಲಾಭವೂ ಉಂಟು. ವಾಹನದೊಳಗಿನ ಇಕ್ಕಟ್ಟಿನಲ್ಲಿ ಮನೆಯ ಹೆಂಗಸೊಬ್ಬಳೇ ಬೇಯುತ್ತಾಳೆ. ಬಯಲಿನಲ್ಲಾದರೆ ಒಬ್ಬರು ತೆಂಗಿನಕಾಯಿ ತುರಿಯಬಹುದು, ಇನ್ನೊಬ್ಬರು ನೀರು ತರಬಹುದು, ಮಕ್ಕಳು ಎಲೆ ಹಾಕಬಹುದು. ಯಾತ್ರೆಯ ದಿನಗಳಲ್ಲಾದರೂ ಆಕೆಗೆ ವಿಶ್ರಾಂತಿ ದೊರೆಯದಿದ್ದರೆ, ಅಡುಗೆಮನೆ ಚಕ್ರದ ಮೇಲೆ ಓಡಿದುದರಿಂದ ಆಕೆಗಾದ ಪ್ರಯೋಜನವಾದರೂ ಏನು?