ಹಳೆಯ ಹೋಂ ಥಿಯೇಟರ್, ಹೊಸ ಟಿ.ವಿ.: ಯಾವ ವೈರು ಎಲ್ಲಿಗೆ?

ಕಡಬ: ಗುಬ್ಬಿ ತಾಲ್ಲೂಕಿನ ಕಡಬ ಹೋಬಳಿಯ ಊರುಗಳಲ್ಲಿಯೂ ದಪ್ಪ ಟಿ.ವಿ.ಯ ಜಾಗವನ್ನು ಗೋಡೆಗೆ ತೂಗುಹಾಕುವ ತೆಳು ಟಿ.ವಿ. ಆಕ್ರಮಿಸಿಕೊಂಡಿದೆ. ಇದರೊಂದಿಗೆ, ಹತ್ತು ಹದಿನೈದು ವರ್ಷಗಳ ಹಿಂದೆ ಆಸೆಪಟ್ಟು ಕೊಂಡ ಹೋಂ ಥಿಯೇಟರ್‌ಗಳು ಅನೇಕ ಮನೆಗಳಲ್ಲಿ ಅಟ್ಟ ಸೇರಿವೆ. ಅವು ಕೆಟ್ಟಿವೆ ಎಂದಲ್ಲ. ಅವುಗಳ ಕೆಂಪು-ಬಿಳಿ ಪಿನ್ನುಗಳನ್ನು ಹೊಸ ಟಿ.ವಿ.ಯಲ್ಲಿ ಎಲ್ಲಿ ಸಿಕ್ಕಿಸಬೇಕೆಂಬುದು ತಿಳಿಯದೆ ಹೋದದ್ದೇ ಕಾರಣ. ತೆಳು ಟಿ.ವಿ.ಯ ಪುಟ್ಟ ಸ್ಪೀಕರುಗಳು ಸಾಮಾನ್ಯವಾಗಿ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತವೆ. ಹೀಗಾಗಿ ಕಿವಿ ಮಂದವಾದ ಹಿರಿಯರಿಗೆ ಧಾರಾವಾಹಿಯ ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಅಟ್ಟದಲ್ಲಿರುವ ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಹೊಸ ಸೌಂಡ್‌ಬಾರ್‌ಗೆ ಹಣ ತೆರುವ ಮುನ್ನ ಟಿ.ವಿ.ಯ ಹಿಂಬದಿಯನ್ನು ಒಮ್ಮೆ ನೋಡುವುದು ಒಳಿತು.

ಮೊದಲು ಗಮನಿಸಬೇಕಾದುದು ರಂಧ್ರದ ಪಕ್ಕದ ಬರಹ. 'ಇನ್' ಎಂದಿದ್ದರೆ ಒಳಕ್ಕೆ, 'ಔಟ್' ಎಂದಿದ್ದರೆ ಹೊರಕ್ಕೆ. ಹಳದಿ ಪಿನ್ನು ಚಿತ್ರವನ್ನೂ, ಬಿಳಿ ಎಡಗಡೆಯ ಧ್ವನಿಯನ್ನೂ, ಕೆಂಪು ಬಲಗಡೆಯ ಧ್ವನಿಯನ್ನೂ ಒಯ್ಯುತ್ತವೆ. ಹೊಸ ಟಿ.ವಿ.ಗಳಲ್ಲಿ ಈ ಮೂರು ಬಣ್ಣದ ರಂಧ್ರಗಳಿದ್ದರೂ ಅವು ಬಹುಪಾಲು 'ಇನ್'. ಅಲ್ಲಿಗೆ ಹೋಂ ಥಿಯೇಟರ್ ಜೋಡಿಸಿ, ಧ್ವನಿ ಬರಲಿಲ್ಲವೆಂದು ಆಂಪ್ಲಿಫೈಯರನ್ನು ದೂರಿದರೆ ಅದರ ತಪ್ಪೇನು?

ಟಿ.ವಿ.ಯಿಂದ ಧ್ವನಿ ಹೊರಬರಲು ಸಾಮಾನ್ಯವಾಗಿ ಮೂರು ದಾರಿಗಳಿವೆ. ಸುಲಭವಾದುದು ಇಯರ್‌ಫೋನ್ ರಂಧ್ರ. ಒಂದು ತುದಿಯಲ್ಲಿ 3.5 ಮಿ.ಮೀ. ಪಿನ್ನು, ಮತ್ತೊಂದು ತುದಿಯಲ್ಲಿ ಕೆಂಪು-ಬಿಳಿ ಇರುವ ವೈರೊಂದನ್ನು ತಂದು ಹೋಂ ಥಿಯೇಟರ್‌ನ 'ಆಕ್ಸ್ ಇನ್'ಗೆ ಜೋಡಿಸಿ, ರಿಮೋಟಿನಲ್ಲಿ 'ಆಕ್ಸ್' ಆರಿಸಿದರೆ ಕೆಲಸ ಮುಗಿಯಿತು. ಹೀಗೆ ಬರುವುದು ಎಡ-ಬಲ ಎಂಬ ಎರಡೇ ಧ್ವನಿಯಾದ್ದರಿಂದ ಹಿಂದಿನ ಸ್ಪೀಕರುಗಳು ಸುಮ್ಮನಿದ್ದರೆ ಗಾಬರಿ ಬೇಡ. ಕೆಲವು ಪೆಟ್ಟಿಗೆಗಳಲ್ಲಿರುವ 'ಪ್ರೊ ಲಾಜಿಕ್' ಸೌಲಭ್ಯವು ಎರಡನ್ನು ಐದಾಗಿ ಹಂಚಬಲ್ಲದು.

ಇಯರ್‌ಫೋನ್ ರಂಧ್ರವಿಲ್ಲದಿದ್ದರೆ 'ಆಪ್ಟಿಕಲ್' ರಂಧ್ರವನ್ನು ಹುಡುಕಬೇಕು. ಅದರಲ್ಲಿ ಧ್ವನಿಯು ಬೆಳಕಿನ ರೂಪದಲ್ಲಿ ಹೊರಡುವುದರಿಂದ, ಅದನ್ನು ಕೆಂಪು-ಬಿಳಿ ಪಿನ್ನಿಗೆ ಮಾರ್ಪಡಿಸುವ ಸಣ್ಣ ಪರಿವರ್ತಕ ಅಗತ್ಯ. ಇಲ್ಲೊಂದು ಸೂಕ್ಷ್ಮವಿದೆ: ಟಿ.ವಿ.ಯ ಧ್ವನಿ ಸೆಟ್ಟಿಂಗ್‌ನಲ್ಲಿ 'ಡಾಲ್ಬಿ' ಬದಲು 'ಪಿಸಿಎಂ' ಆರಿಸದಿದ್ದರೆ ಅಗ್ಗದ ಪರಿವರ್ತಕಗಳು ಮೌನ ತಾಳುತ್ತವೆ, ಇಲ್ಲವೇ ಕರಕರ ಎನ್ನುತ್ತವೆ. ಮೂರನೆಯದು ಎಚ್‌ಡಿಎಂಐ. 2009ರಲ್ಲಿ ಅದರ 1.4ನೇ ಆವೃತ್ತಿಯೊಂದಿಗೆ ಬಂದ 'ಎಆರ್‌ಸಿ' ವ್ಯವಸ್ಥೆಯಿಂದ ಒಂದೇ ವೈರಿನಲ್ಲಿ ಧ್ವನಿ ಹಿಂದಿರುಗಲೂಬಹುದು. ಆದರೆ ಎರಡೂ ಉಪಕರಣಗಳಲ್ಲಿ ಆ ಅಕ್ಷರಗಳಿರಬೇಕು. ಅದಕ್ಕೂ ಮೊದಲಿನ ಹೋಂ ಥಿಯೇಟರ್‌ಗಳಿಗೆ ಈ ದಾರಿ ಒದಗದು.

ಇನ್ನು ಸೆಟ್‌ಟಾಪ್ ಬಾಕ್ಸಿನ ವಿಷಯ. 2004ರ ಡಿಸೆಂಬರ್‌ನಲ್ಲಿ ದೂರದರ್ಶನವು ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭಿಸಿದ, ಈಗ ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ ತಿಂಗಳ ಶುಲ್ಕವಿಲ್ಲದ ಸೇವೆಯ ಹಳೆಯ ಬಾಕ್ಸುಗಳಲ್ಲಿ ಮೂರು ಬಣ್ಣದ ಪಿನ್ನುಗಳೇ ಆಧಾರ. ಇವನ್ನು ಎಚ್‌ಡಿಎಂಐ ಮಾತ್ರವಿರುವ ಟಿ.ವಿ.ಗೆ ಜೋಡಿಸಲು ಬೇಕಾದುದು 'ಎವಿಯಿಂದ ಎಚ್‌ಡಿಎಂಐ'ಗೆ ಬದಲಿಸುವ ಪೆಟ್ಟಿಗೆ. ನೋಡಲು ಅದರಂತೆಯೇ ಇರುವ 'ಎಚ್‌ಡಿಎಂಐನಿಂದ ಎವಿ' ಪೆಟ್ಟಿಗೆ ಹಿಮ್ಮುಖವಾಗಿ ಕೆಲಸ ಮಾಡುವುದಿಲ್ಲ. ಗುಬ್ಬಿಗೋ ತುಮಕೂರಿಗೋ ಎರಡನೇ ಸಲ ಬಸ್ಸು ಹತ್ತುವುದನ್ನು ತಪ್ಪಿಸಲು, ಕೊಳ್ಳುವಾಗಲೇ ಮೇಲಿನ ಬರಹವನ್ನು ಓದಿಕೊಳ್ಳಬೇಕು.

ಕೆಲವು ಟಿ.ವಿ.ಗಳಲ್ಲಿ ಮೂರು ಬಣ್ಣಗಳ ಬದಲು 'ಎವಿ ಇನ್' ಎಂಬ ಒಂದೇ ಸಣ್ಣ ರಂಧ್ರವಿರುತ್ತದೆ. ಅದರ ವೈರುಗಳ ಒಳಜೋಡಣೆ ಎಲ್ಲ ಕಂಪನಿಗಳಲ್ಲಿ ಒಂದೇ ತೆರನಾಗಿಲ್ಲ. ಚಿತ್ರ ಬಾರದೆ ಸ್ಪೀಕರ್ ಗುಂಯ್‌ಗುಟ್ಟಿದರೆ ಹಳದಿಯನ್ನೂ ಕೆಂಪನ್ನೂ ಅದಲುಬದಲು ಮಾಡಿ ನೋಡಬಹುದು.

ಬಾಕ್ಸಿನ ಧ್ವನಿಯನ್ನು ನೇರವಾಗಿ ಹೋಂ ಥಿಯೇಟರ್‌ಗೆ ಕೊಡುವ ಹಳೆಯ ಪದ್ಧತಿ ದಪ್ಪ ಟಿ.ವಿ.ಯ ಕಾಲಕ್ಕೆ ಸರಿಯಿತ್ತು. ತೆಳು ಟಿ.ವಿ. ಚಿತ್ರವನ್ನು ಸಂಸ್ಕರಿಸಿ ತೋರಿಸಲು ತುಸು ಸಮಯ ತೆಗೆದುಕೊಳ್ಳುವುದರಿಂದ, ತುಟಿ ಅಲುಗುವ ಮೊದಲೇ ಮಾತು ಕೇಳಿಬಿಡುತ್ತದೆ. ಆದ್ದರಿಂದ ಎಲ್ಲವನ್ನೂ ಟಿ.ವಿ.ಗೆ ಕೊಟ್ಟು, ಧ್ವನಿಯನ್ನು ಟಿ.ವಿ.ಯಿಂದಲೇ ಪಡೆಯುವುದು ಲೇಸು.

ಜೋಡಣೆಯ ಬಳಿಕ ಸತತವಾಗಿ 'ಹುಂ' ಎಂಬ ಸದ್ದು ಬರುವುದುಂಟು. ಇದಕ್ಕೆ ಅರ್ಥಿಂಗ್ ದೋಷವೇ ಕಾರಣವಾಗಿರಬಹುದು. ಸದ್ದು ನಿಲ್ಲಿಸಲೆಂದು ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ನನ್ನು ಕತ್ತರಿಸುವ ಕೆಟ್ಟ ರೂಢಿಯೊಂದಿದೆ. ಆಂಪ್ಲಿಫೈಯರ್‌ನ ಲೋಹದ ಹೊದಿಕೆಗೆ ವಿದ್ಯುತ್ ಸೋರಿದಾಗ ಮುಟ್ಟಿದವರ ಜೀವ ಉಳಿಸುವುದು ಅದೇ ಪಿನ್ನು. ಎಲ್ಲ ಉಪಕರಣಗಳನ್ನೂ ಒಂದೇ ಅರ್ಥಿಂಗ್ ಇರುವ ಬೋರ್ಡಿಗೆ ಸೇರಿಸಿ ನೋಡಬೇಕು; ಸದ್ದು ನಿಲ್ಲದಿದ್ದರೆ ವಿದ್ಯುತ್ ಕೆಲಸದವರಿಂದ ಪರೀಕ್ಷೆ ಮಾಡಿಸಬೇಕು.

ಡಿಶ್ ವೈರನ್ನು ಬಾಕ್ಸಿಗೆ ತಿರುಗಿಸುವಾಗಲೂ ಕರೆಂಟು ಆರಿಸಿರಬೇಕು. ಆ ವೈರಿನಲ್ಲಿ 13 ಅಥವಾ 18 ವೋಲ್ಟ್ ಹರಿಯುತ್ತಿರುತ್ತದೆ. ತಂತಿ ತಾಗಿದರೆ ಬಾಕ್ಸು ಸುಡಬಹುದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ, ಅದರಲ್ಲೂ ತೆಂಗು-ಅಡಿಕೆ ತೋಟದ ಒಂಟಿ ಮನೆಗಳಲ್ಲಿ, ಸ್ವಿಚ್ ಆರಿಸಿದರಷ್ಟೇ ಸಾಲದು. ಸಿಡಿಲಿನ ಆಘಾತ ಮಾಡಿನ ಮೇಲಿನ ಡಿಶ್‌ನಿಂದ ಬಾಕ್ಸಿಗೆ, ಅಲ್ಲಿಂದ ಟಿ.ವಿ.ಗೆ, ಅಲ್ಲಿಂದ ಹೋಂ ಥಿಯೇಟರ್‌ಗೆ ಅವೇ ವೈರುಗಳ ಮೂಲಕ ಸಾಗಬಲ್ಲದು. ಮೋಡ ಕವಿದಾಗಲೇ ಪ್ಲಗ್‌ಗಳನ್ನೂ ಡಿಶ್ ವೈರನ್ನೂ ಕಳಚಿಡಬೇಕು. ಗುಡುಗು ಶುರುವಾದ ಮೇಲೆ ಆ ವೈರನ್ನು ಮುಟ್ಟಬಾರದು.