ಯಾವ ಕೆಲಸಕ್ಕೆ ಯಾವ ಬಾಗಿಲು?

ಸೋದರಿಯರೇ, ಅಡುಗೆಮನೆಯ ಯಾವ ಡಬ್ಬದಲ್ಲಿ ಸಾಸಿವೆ, ಯಾವುದರಲ್ಲಿ ಮೆಂತ್ಯ ಎಂದು ನಾವು ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತೇವೆ. ಆದರೆ ನಲ್ಲಿಯಲ್ಲಿ ನಾಲ್ಕು ದಿನ ನೀರು ಬಾರದಿದ್ದರೆ ಯಾರನ್ನು ಕೇಳಬೇಕು? "ಎಮ್ಮೆಲ್ಲೆಗೆ ಹೇಳಬೇಕು ಕಣ್ರೀ" ಎನ್ನುವವರೇ ಹೆಚ್ಚು. ಎಮ್ಮೆಲ್ಲೆ ಬೆಂಗಳೂರಿನಲ್ಲಿ ಕಾಯ್ದೆ ಮಾಡಲು ನಾವು ಕಳಿಸಿದವರು. ಬೀದಿಯ ನೀರು, ಚರಂಡಿ, ಕಸ, ದೀಪ ಇವೆಲ್ಲ ಅದಕ್ಕಿಂತ ಹತ್ತಿರದ ಸರ್ಕಾರದ ಕೆಲಸ. ಆ ಹತ್ತಿರದ ಸರ್ಕಾರವೇ ನಮಗೆ ದೂರವಾಗಿ ಕೂತಿದೆ!

ನಿಮ್ಮೂರು ಯಾವ ಲೆಕ್ಕಕ್ಕೆ?

ನಮ್ಮ ತುಮಕೂರು ಜಿಲ್ಲೆಯನ್ನೇ ನೋಡಿ. ತುಮಕೂರು ನಗರಕ್ಕೆ ಮಹಾನಗರ ಪಾಲಿಕೆ, 35 ವಾರ್ಡುಗಳು. ಕುಣಿಗಲ್‌ಗೆ ಪುರಸಭೆ. ಗುಬ್ಬಿಗೆ ಪಟ್ಟಣ ಪಂಚಾಯಿತಿ. ಹೆಸರು ಬೇರೆ ಬೇರೆ ಯಾಕೆ ಅಂದರೆ, ಊರಿನ ಜನಸಂಖ್ಯೆಯ ಮೇಲೆ. ಸಾಮಾನ್ಯವಾಗಿ 10 ಸಾವಿರದಿಂದ 20 ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, ಅದಕ್ಕೂ ಮೇಲೆ ನಗರಸಭೆ, 3 ಲಕ್ಷ ದಾಟಿದರೆ ಮಹಾನಗರ ಪಾಲಿಕೆ. ಪಾಲಿಕೆಯಲ್ಲಿ ಆಯುಕ್ತರು, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿ ಆಡಳಿತ ನೋಡಿಕೊಳ್ಳುತ್ತಾರೆ.

ಹಳ್ಳಿಯಲ್ಲಿರುವವರಿಗೆ ಗ್ರಾಮ ಪಂಚಾಯಿತಿ. ಅಲ್ಲಿನ ಅಧಿಕಾರಿಯೇ ಪಿ.ಡಿ.ಓ. ಅದರ ಮೇಲೆ ತಾಲ್ಲೂಕು ಪಂಚಾಯಿತಿ, ಅದರ ಮೇಲೆ ಜಿಲ್ಲಾ ಪಂಚಾಯಿತಿ.

ಒಂದು ವಿಷಯ ನೆನಪಿಡಿ. ಮನೆಯಲ್ಲಿ ಕರೆಂಟ್ ಹೋದರೆ ಬೆಸ್ಕಾಂ. ಬೀದಿ ದೀಪದ ಬಲ್ಬು ಹೋದರೆ ಪಂಚಾಯಿತಿ ಅಥವಾ ಪುರಸಭೆ. ರೇಷನ್ ಕಾರ್ಡಿನ ತಕರಾರಿಗೆ ತಾಲ್ಲೂಕು ಕಚೇರಿಯ ಆಹಾರ ಶಾಖೆ. ಬಾಗಿಲು ತಪ್ಪಿದರೆ "ಇದು ನಮ್ಮದಲ್ಲಮ್ಮ" ಅನ್ನಿಸಿಕೊಂಡು ಬಿಸಿಲಲ್ಲಿ ವಾಪಸ್ಸು ಬರುವುದೇ ಆಗುತ್ತದೆ.

ಈ ಗೊಂದಲ ನಮ್ಮಲ್ಲಿ ಮಾತ್ರ ಅಲ್ಲ. ಇಂಗ್ಲೆಂಡಿನ ಬಹಳ ಕಡೆ ಮನೆಮುಂದಿನ ಕಸ ಎತ್ತುವುದು ಡಿಸ್ಟ್ರಿಕ್ಟ್ ಕೌನ್ಸಿಲ್, ಆ ಕಸವನ್ನು ವಿಲೇವಾರಿ ಮಾಡುವುದು ಕೌಂಟಿ ಕೌನ್ಸಿಲ್! ಆದರೆ ಅಲ್ಲಿ ತೆರಿಗೆಯ ಬಿಲ್ಲಿನಲ್ಲೇ ಯಾರ ಪಾಲು ಎಷ್ಟು ಎಂದು ಅಚ್ಚು ಹಾಕಿ ಕಳಿಸುತ್ತಾರೆ. ನಮ್ಮ ಪಟ್ಟಿಯನ್ನು ನಾವೇ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿಕೊಂಡರೆ ಆಯಿತು.

ಖಾಲಿ ಬಿದ್ದ ಕುರ್ಚಿಗಳು

ಈಗ ಸ್ವಲ್ಪ ಬೇಸರದ ಮಾತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ವರ್ಷಗಟ್ಟಲೆ ಚುನಾವಣೆ ಮುಂದಕ್ಕೆ ಹೋಯಿತು. ಗೆದ್ದ ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿಗಳು ಬಂದರು.

ಅದರಿಂದ ನಮಗೇನು ನಷ್ಟ ಅನ್ನುತ್ತೀರಾ? ಗೊರೂರಿನ ಹೇಮಾವತಿ ಅಣೆಕಟ್ಟೆಯ ನೀರು ನಾಲೆಯಲ್ಲಿ ನಮ್ಮ ಜಿಲ್ಲೆಗೆ ಬರುತ್ತದೆ. ತುಮಕೂರಿನವರು ಕುಡಿಯುವುದೂ ಬುಗುಡನಹಳ್ಳಿ ಕೆರೆಗೆ ತುಂಬಿಸಿದ ಆ ನೀರನ್ನೇ. ಇದನ್ನು ಕುಣಿಗಲ್ ಕಡೆಗೆ ಒಯ್ಯುವ ಲಿಂಕ್ ಕೆನಾಲ್ ವಿಚಾರದಲ್ಲಿ 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆಯೇ ಆಯಿತು. ನಮ್ಮ ಪಾಲು ನಮಗೆ ಬರಲಿ ಎಂದು ಅವರು, ನಮ್ಮ ಪಾಲು ಕೈತಪ್ಪೀತು ಎಂದು ಇವರು. ಎರಡೂ ಕಡೆ ಖಾಲಿ ಕೊಡ ಹಿಡಿದು ನಿಲ್ಲುವವಳು ಮಾತ್ರ ಹೆಣ್ಣೇ. ಕಾಲುವೆಯ ತೀರ್ಮಾನ ರಾಜ್ಯ ಸರ್ಕಾರದ್ದು, ನಿಜ. ಆದರೆ ಹತ್ತೂ ತಾಲ್ಲೂಕಿನ ಸದಸ್ಯರು ಎದುರುಬದುರು ಕೂತು ಮಾತಾಡಬಹುದಾಗಿದ್ದ ಜಿಲ್ಲಾ ಪಂಚಾಯಿತಿಯಲ್ಲಿ ಆ ಹೊತ್ತಿಗೆ ಚುನಾಯಿತರೇ ಇರಲಿಲ್ಲ. ಜಗಲಿಯ ಮೇಲೆ ಮುಗಿಯಬಹುದಾದ ಮಾತು ಬೀದಿಗೆ ಬರುವುದು ಹೀಗೆ.

ನಮ್ಮ ಪಾಲೂ ಇದೆ

ನಮ್ಮ ರಾಜ್ಯ ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದ್ದು ಗೊತ್ತೇ? 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಎಂದೇ ಹೆಸರಾದ ಸಚಿವ ಅಬ್ದುಲ್ ನಜೀರ್ ಸಾಬ್ ಅದರ ಹಿಂದಿನ ಮುಖ್ಯ ಶಕ್ತಿ. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಬಂದು ದೇಶಕ್ಕೆಲ್ಲ ಮೂರನೇ ಒಂದು ಪಾಲಾಯಿತು. 2010ರಲ್ಲಿ ನಮ್ಮ ಪಂಚಾಯಿತಿಗಳಲ್ಲಿ ಅದು ಅರ್ಧಕ್ಕೇರಿತು.

ಅರ್ಧ ಕುರ್ಚಿ ಸಿಕ್ಕಿತು, ಸರಿ. ಆದರೆ ಎಷ್ಟೋ ಕಡೆ ಸದಸ್ಯೆ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರೆ ಅವಳ ಗಂಡ ಸಭೆಯಲ್ಲಿ ಮಾತಾಡುತ್ತಿರುತ್ತಾನೆ. ಈ ಪರಿಪಾಠ ತಪ್ಪಬೇಕಾದರೆ ಗದರುವುದಕ್ಕಿಂತ ಬೇರೆ ದಾರಿ ಒಳ್ಳೆಯದು. ಮುಂದಿನ ಸಲ ಕೆಲಸವಿದ್ದಾಗ ಗಂಡನನ್ನು ಬಿಟ್ಟು ಅವಳನ್ನೇ ಹುಡುಕಿಕೊಂಡು ಹೋಗಿ. "ಅಕ್ಕಾ, ನೀವೇ ಬಂದು ನಮ್ಮ ಚರಂಡಿ ನೋಡಿ" ಅನ್ನಿ. ನಾಲ್ಕು ಮನೆಯ ಹೆಂಗಸರು ಹೀಗೆ ಕರೆದರೆ ಅವಳಿಗೂ ಧೈರ್ಯ ಬರುತ್ತದೆ.

ಹೇಗೆ ಕೇಳಬೇಕು?

ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಒಂದು ಹಾಳೆಯಲ್ಲಿ ವಾರ್ಡು, ಬೀದಿ, ತೊಂದರೆ ಶುರುವಾದ ದಿನ ಬರೆಯಿರಿ. ನಾಲ್ಕಾರು ಮನೆಯವರು ಸಹಿ ಹಾಕಿ. ಎರಡು ಪ್ರತಿ ಮಾಡಿ, ಒಂದನ್ನು ಕಚೇರಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. 'ಸಕಾಲ'ದಲ್ಲಿ ಸೇರಿದ ಸೇವೆಗೆ ಅರ್ಜಿ ಹಾಕಿದರೆ ಕೊಡುವ ಸಂಖ್ಯೆಯನ್ನು ಜೋಪಾನ ಮಾಡಿ. ಸದಸ್ಯರಿಲ್ಲದ ಕಾಲದಲ್ಲೂ ಕಚೇರಿ ಇರುತ್ತದೆ, ಅಧಿಕಾರಿ ಇರುತ್ತಾರೆ, ಅರ್ಜಿ ತೆಗೆದುಕೊಳ್ಳಲೇಬೇಕು.

ಹಳ್ಳಿಯ ಸೋದರಿಯರು ಗ್ರಾಮಸಭೆಯನ್ನು ತಪ್ಪಿಸಬೇಡಿ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಬೇಕು. ಬಂದವರಲ್ಲಿ ನೂರಕ್ಕೆ 30 ಮಂದಿಯಾದರೂ ಹೆಂಗಸರಿರಬೇಕು ಎನ್ನುತ್ತದೆ ಕಾಯ್ದೆ. ಯಾರಿಗೆ ಮನೆ, ಯಾವ ಬೀದಿಗೆ ಮೊದಲು ನೀರು ಎಂಬ ಪಟ್ಟಿಗಳು ಚರ್ಚೆಗೆ ಬರುವುದು ಅಲ್ಲೇ. ನಾವು ಹೋಗದಿದ್ದರೆ ನಮ್ಮ ಬೀದಿಯ ಹೆಸರು ಹೇಳುವವರು ಯಾರು?

ಮುಂದಿನ ಚುನಾವಣೆಯಲ್ಲಿ ಓಟು ಕೇಳಲು ಬಂದವರಿಗೆ ಕಾಫಿ ಕೊಡಿ, ಬೇಡ ಅನ್ನುವುದಿಲ್ಲ. ಕಾಫಿಯ ಜತೆಗೆ ಆ ಸೀಲು ಬಿದ್ದ ಪ್ರತಿಯನ್ನೂ ಮುಂದಿಡಿ.