ಪಟ್ಟಿ ತೆರೆಯದೆಯೇ ‘ಇಲ್ಲ’ ಎನ್ನುವುದು ಹೇಗೆ?

ಕೋಟಿಗಟ್ಟಲೆ ಹೆಸರುಗಳ ಪಟ್ಟಿಯಲ್ಲಿ ನಾವು ಕೇಳಿದ ಹೆಸರು ಇಲ್ಲವೆಂದು ಕಂಪ್ಯೂಟರ್ ಕ್ಷಣದಲ್ಲಿ ಹೇಗೆ ಹೇಳುತ್ತದೆ?
– ಓದುಗರೊಬ್ಬರು, ಲಿಂಗಸುಗೂರು

ಹಲವು ಕಡೆ ಅದು ಪಟ್ಟಿಯನ್ನು ತೆರೆಯುವುದೇ ಇಲ್ಲ. ಬರ್ಟನ್ ಬ್ಲೂಮ್ 1970ರಲ್ಲಿ ಸೂಚಿಸಿದ ‘ಬ್ಲೂಮ್ ಫಿಲ್ಟರ್’ ಬಾಗಿಲಲ್ಲೇ ಉತ್ತರ ಕೊಟ್ಟು ಕಳಿಸುತ್ತದೆ.

ಸಿಂಧನೂರಿನ ರೈಸ್ ಮಿಲ್ಲೊಂದರ ಗೋಡೆಗೆ ಸಾವಿರ ಸ್ವಿಚ್ಚುಗಳ ಹಲಗೆ ಇದೆ ಎನ್ನಿ. ಭತ್ತ ತಂದ ಪ್ರತಿ ರೈತರ ಹೆಸರನ್ನು ಒಂದು ಲೆಕ್ಕಕ್ಕೆ ಹಾಕಿ, ಅದು ತೋರಿಸಿದ ಮೂರು ಸ್ವಿಚ್ಚು ಒತ್ತುತ್ತಾರೆ. ನಾಳೆ ಮಸ್ಕಿಯ ರೈತರೊಬ್ಬರು ‘ನಾನೂ ಭತ್ತ ಹಾಕಿದ್ದೆ’ ಎಂದರೆ, ಅವರ ಮೂರರಲ್ಲಿ ಒಂದು ಆರಿದ್ದರೂ ಸಾಕು, ಹಾಕಿಲ್ಲ, ಅನುಮಾನವೇ ಬೇಡ. ಮೂರೂ ಆನ್ ಇದ್ದರೆ ‘ಹಾಕಿರಬಹುದು’ ಅಷ್ಟೇ. ಬೇರೆಯವರ ಹೆಸರಿಗೆ ಒತ್ತಿದವೂ ಇರಬಹುದಲ್ಲ! ಆಗ ಮಾತ್ರ ಖಾತೆ ಪುಸ್ತಕ ತೆರೆದರಾಯಿತು. ಹೆಸರಿಗೆ ಸುಮಾರು 10 ಬಿಟ್, ಅಂದರೆ 10 ಸ್ವಿಚ್ಚುಗಳಷ್ಟು ಜಾಗ ಕೊಟ್ಟರೆ ಇಂಥ ಸುಳ್ಳು ‘ಹೌದು’ ನೂರಕ್ಕೆ ಒಂದೆರಡು.

ಆದರೆ ಅಳಿಸುವಂತಿಲ್ಲ. ಒಬ್ಬರ ಸ್ವಿಚ್ಚು ಆರಿಸಿದರೆ ಇನ್ನೊಬ್ಬರದೂ ಹೋದೀತು. 2014ರ ‘ಕುಕೂ ಫಿಲ್ಟರ್’ ಹೆಸರಿನ ಕಿರುಗುರುತನ್ನೇ ಎರಡು ಜಾಗಗಳಲ್ಲಿ ಒಂದರಲ್ಲಿ ಇಡುತ್ತದೆ, ಬೇಡವಾದಾಗ ತೆಗೆಯಬಹುದು. ಭರ್ತಿಯಾಗುತ್ತ ಬಂದಂತೆ ಹೊಸದನ್ನು ಸೇರಿಸಲು ಹೆಣಗುತ್ತದೆ, ಅಷ್ಟೆ. ಅಳಿಸುವ ಕೆಲಸವಿಲ್ಲದಿದ್ದರೆ ಹಳೆಯ ಬ್ಲೂಮೇ ಸಾಕು: ಕಸಾಂಡ್ರಾ ಡೇಟಾಬೇಸ್ ಡಿಸ್ಕಿನ ಕಡತ ತೆರೆಯುವ ಮೊದಲು ಇಂದಿಗೂ ಅದನ್ನೇ ಕೇಳುತ್ತದೆ.